ಕೂತು ಮಾತಾಡಲಾಗದ ವಿಷಯ

ಹೃದಯಕ್ಕೆ ಸ್ಟೆಂಟ್ ಹಾಕಿಸಿಕೊಂಡವರಿಗೆ ನೆಂಟರಿಷ್ಟರ ನಡುವೆ ಒಂದು ತೂಕವಿದೆ. ಮಂಡಿ ಆಪರೇಷನ್ ಆದವರು ಮದುವೆಮನೆಯಲ್ಲೇ ಪಂಚೆ ಎತ್ತಿ ಹೊಲಿಗೆ ತೋರಿಸುತ್ತಾರೆ. ಮೂಲವ್ಯಾಧಿಯವನು ಏನು ತೋರಿಸಬೇಕು? ರಜಾ ಅರ್ಜಿಯಲ್ಲಿ ‘ಸಣ್ಣ ಶಸ್ತ್ರಚಿಕಿತ್ಸೆ’ ಎಂದಷ್ಟೇ ಬರೆದೆ. ಎಳನೀರು ಹಿಡಿದು ನೋಡಲು ಬಂದ ಅತ್ತೆ, ‘ಎಲ್ಲಿಗೋ ಆಪರೇಷನ್ನು?’ ಎಂದರು.

‘ಹೊಟ್ಟೆ.’

‘ಹೊಟ್ಟೆ ಅಂದ್ರೆ ಎಲ್ಲಿ?’

‘ಸ್ವಲ್ಪ ಕೆಳಗೆ.’

ಅತ್ತೆ ಜಾಣೆ. ಮುಂದೆ ಕೇಳದೆ ಎಳನೀರಿಗೆ ಕತ್ತಿ ಹುಡುಕಲು ಒಳಗೆ ಹೋದರು.

ನಮ್ಮ ಮನೆತನಕ್ಕೆ ಇದು ಹೊಸದಲ್ಲ. ದೊಡ್ಡಪ್ಪ ಯಕ್ಷಗಾನವನ್ನು ಬೆಳಗಾಗುವವರೆಗೂ ಕಂಬಕ್ಕೊರಗಿ ನಿಂತೇ ನೋಡುತ್ತಿದ್ದರು. ಕಲೆಯ ಮೇಲಿನ ಗೌರವವೆಂದು ಊರೇ ಕೊಂಡಾಡುತ್ತಿತ್ತು. ಭಾಗವತರೊಬ್ಬರು ರಂಗಸ್ಥಳದಿಂದಲೇ ಅವರಿಗೆ ಕೈಮುಗಿದಿದ್ದರಂತೆ. ದೊಡ್ಡಮ್ಮ ಮತ್ತೆ ಮತ್ತೆ ಸುವರ್ಣಗಡ್ಡೆ ಹುಳಿಯನ್ನೇ ಏಕೆ ಮಾಡುತ್ತಾರೆಂದು ನಮಗೆ ಹೊಳೆದಿರಲಿಲ್ಲ. ಗಂಟಲು ತುರಿಸುತ್ತದೆಂದು ಮಕ್ಕಳು ರಗಳೆ ತೆಗೆದರೆ, ದೊಡ್ಡಪ್ಪ ಮಾತ್ರ ತಲೆ ತಗ್ಗಿಸಿ ಎರಡನೇ ಸಲ ಬಡಿಸಿಕೊಳ್ಳುತ್ತಿದ್ದರು. ಸುಶ್ರುತ ಈ ರೋಗವನ್ನು ಎಂಟು ಮಹಾರೋಗಗಳ ಸಾಲಿಗೆ ಸೇರಿಸಿ ಔಷಧ, ಕ್ಷಾರ, ಅಗ್ನಿ, ಶಸ್ತ್ರ ಎಂದು ನಾಲ್ಕು ದಾರಿ ಹೇಳಿದ್ದಾನೆ. ದೊಡ್ಡಪ್ಪ ಮೊದಲನೆಯದರಲ್ಲೇ ಆಯುಷ್ಯ ಕಳೆದರು.

ನನ್ನದು ನಾಲ್ಕನೆಯದು. ಡಾಕ್ಟರು ಪರೀಕ್ಷಿಸುತ್ತ, ಸಾಗರದ ಬಸ್‌ಸ್ಟ್ಯಾಂಡಿನ ವೇಳಾಪಟ್ಟಿ ಓದಿದ ಹಾಗೆ, ‘ಮೂರು ಗಂಟೆ, ಏಳು ಗಂಟೆ, ಹನ್ನೊಂದು ಗಂಟೆ’ ಎಂದು ನರ್ಸಿಗೆ ಬರೆಸಿದರು. ಮೊಳೆಗಳು ಸಾಮಾನ್ಯವಾಗಿ ಬೀಡುಬಿಡುವ ಜಾಗಗಳಂತೆ ಅವು. ಹೊರಬಂದದ್ದು ತಾನಾಗಿ ಒಳಗೆ ಹೋದರೆ ಎರಡನೇ ಗ್ರೇಡು, ಬೆರಳಿನಿಂದ ತಳ್ಳಬೇಕಾದರೆ ಮೂರು, ತಳ್ಳಿದರೂ ಹೋಗದಿದ್ದರೆ ನಾಲ್ಕು. ನನಗೆ ಮೂರು ಸಿಕ್ಕಿತು.

‘ಸ್ಟೇಪ್ಲರ್ ಹಾಕೋಣ’ ಎಂದರು. ಜೀವಮಾನವೆಲ್ಲ ಫೈಲಿಗೆ ಪಿನ್ನು ಹೊಡೆದ ನನ್ನ ಎದೆ ಧಸಕ್ಕೆಂದಿತು. ಇದು ಇಟಲಿಯ ಅಂಟೋನಿಯೊ ಲಾಂಗೊ 1998ರಲ್ಲಿ ರೋಮಿನ ಸಮ್ಮೇಳನದಲ್ಲಿ ಮಂಡಿಸಿದ ವಿಧಾನ. ಮೊಳೆಯ ತಂಟೆಗೇ ಹೋಗುವುದಿಲ್ಲ. ಅದಕ್ಕಿಂತ ಮೇಲೆ, ಗುದನಾಳದ ಒಳಪೊರೆಯನ್ನು ಉಂಗುರದಾಕಾರದಲ್ಲಿ ಕತ್ತರಿಸಿ, ಅದೇ ಏಟಿಗೆ ಟೈಟಾನಿಯಂ ಪಿನ್ನುಗಳಿಂದ ಹೊಲಿದು, ಜಾರಿದ್ದನ್ನು ಮೇಲಕ್ಕೆಳೆದು ಅದರ ಜಾಗದಲ್ಲಿ ಕೂರಿಸುತ್ತಾರೆ. ಆ ಎತ್ತರದಲ್ಲಿ ಚರ್ಮಕ್ಕಿರುವಂಥ ನೋವಿನ ನರಗಳಿಲ್ಲ. ಹಾಗಾಗಿ, 1937ರಲ್ಲಿ ಲಂಡನ್ನಿನ ಮಿಲ್ಲಿಗನ್ ಮತ್ತು ಮಾರ್ಗನ್ ವಿವರಿಸಿದ ಕತ್ತರಿಸುವ ಪದ್ಧತಿಗಿಂತ ಮೊದಮೊದಲ ನೋವು ಕಡಿಮೆ. ‘ಆದ್ರೆ ಮತ್ತೆ ಬರೋ ಸಂಭವ ಇದರಲ್ಲೇ ಜಾಸ್ತಿ’ ಎಂದೂ ಡಾಕ್ಟರು ಹೇಳಿಬಿಟ್ಟರು. ಬ್ರಿಟನ್ನಿನಲ್ಲಿ 777 ರೋಗಿಗಳನ್ನಿಟ್ಟುಕೊಂಡು ನಡೆಸಿ, 2016ರಲ್ಲಿ ಪ್ರಕಟಿಸಿದ ಅಧ್ಯಯನದ ಮಾತೂ ಅದೇ. ಊರೂರಿನ ಗೋಡೆಗಳು ‘ಆಪರೇಷನ್ ಇಲ್ಲದೆ ಶಾಶ್ವತ ಪರಿಹಾರ’ ಎಂದು ಗ್ಯಾರಂಟಿ ಕೊಡುವಾಗ, ಗ್ಯಾರಂಟಿ ಕೊಡದ ಈ ಮನುಷ್ಯನ ಮೇಲೆ ನನಗೆ ನಂಬಿಕೆ ಹುಟ್ಟಿತು.

ಉಗುರುಬೆಚ್ಚಗಿನ ನೀರಿನ ಟಬ್ಬಿನಲ್ಲಿ ಕೂತಾಗೆಲ್ಲ ದೊಡ್ಡಪ್ಪನ ನೆನಪು. ಒಂದು ಆಟವನ್ನಾದರೂ ಅವರು ಕೂತು ನೋಡಬೇಕಿತ್ತು. ಭಾಗವತರ ನಮಸ್ಕಾರ ತಪ್ಪುತ್ತಿತ್ತು, ನಿಜ.

ಮೊನ್ನೆ ಅವರ ಮಗ ಬಂದಿದ್ದ. ಸೋಫಾದ ತುದಿಯಲ್ಲಿ ಒಂದೇ ಬದಿಗೆ ಭಾರ ಹಾಕಿ ಕೂತ. ಮಳೆ, ಅಡಿಕೆ ದರ, ಕೊಳೆರೋಗ ಎಲ್ಲ ಮುಗಿದ ಮೇಲೆ ದನಿ ತಗ್ಗಿಸಿದ: ‘ಅಣ್ಣಾ, ತುಂಬಾ ನೋಯ್ತದಾ? ನನ್ನ ಫ್ರೆಂಡೊಬ್ಬ ಕೇಳ್ತಿದ್ದ.’

‘ಫ್ರೆಂಡಿಗೆ ತಾನಾಗಿ ಒಳಗೆ ಹೋಗ್ತದಾ, ತಳ್ಬೇಕಾ?’

‘ತಳ್ಬೇಕು ಅಂತಾನೆ.’

‘ಹಾಗಾದ್ರೆ ಮೂರು’ ಎಂದು ಡಾಕ್ಟರ ನಂಬರು ಬರೆದುಕೊಟ್ಟೆ.