ಯಾವುದರಲ್ಲಿ ಹೋಗೋಣ?

ಊರು ನೋಡಹೊರಟವರು ಏನೇನು ನೋಡಬೇಕೆಂದು ಮೊದಲು ಪಟ್ಟಿ ಮಾಡುತ್ತಾರೆ. ಯಾವುದರಲ್ಲಿ ಕುಳಿತು ನೋಡಬೇಕೆಂಬ ಯೋಚನೆ ಕಡೆಗೆ ಬರುತ್ತದೆ. ದಸರೆಯ ರಜೆಗೆ ನಾಡಿನ ಉತ್ತರದ ತುದಿಯಾದ ಬೀದರಕ್ಕೆ ಹೊರಟಾಗ ನಮ್ಮಲ್ಲಿ ಇದು ತಿರುಗುಮುರುಗಾಯಿತು. "ಕಿಲ್ಲಾ ಆಮ್ಯಾಲ ನೋಡ್ರಿ, ನಂಗ ಮಾಂಜ್ರಾ ಹೊಳಿ ನೋಡಾದದ," ಎಂದು ಎಪ್ಪತ್ತೆಂಟರ ಅವ್ವ ಹೇಳಿಬಿಟ್ಟಿದ್ದಳು. ಆಕೆಯ ತವರು ಔರಾದದ ಕಡೆ. ಮೊಣಕಾಲು ಹಿಡಿದು ಹತ್ತು ವರ್ಷವಾಯಿತು.

ಕಲಬುರ್ಗಿಯಿಂದ ಬೀದರದ ತನಕ ಚಿಂತೆಯಿಲ್ಲ. 2017ರಲ್ಲಿ ರೈಲುದಾರಿ ತೆರೆದಿದೆ. ಚಿಂತೆಯೆಲ್ಲ ಅಲ್ಲಿಂದ ಮುಂದೆ. ಬಾಡಿಗೆ ಕಾರು ಮಾಡಿರೆಂದು ಮಗ ಬೆಂಗಳೂರಿನಿಂದ ಫೋನು ಮಾಡಿದ. ಕಾರಿನಲ್ಲಿ ಸುಖವುಂಟು, ಇಲ್ಲವೆನ್ನಲಾರೆ; ಆದರೆ ಗಾಜು ಏರಿಸಿ ಕುಳಿತವನಿಗೆ ಬೀದರವೂ ಒಂದೇ, ಬಳ್ಳಾರಿಯೂ ಒಂದೇ. ನನ್ನಾಕೆಗೆ ಬಸ್ಸೇ ಸರಿ: 2023ರ ಶಕ್ತಿ ಯೋಜನೆ ಬಂದಂದಿನಿಂದ ಆಕೆ ಸರಕಾರಿ ಬಸ್ಸನ್ನು ತವರಿನ ಗಾಡಿಯೆಂದೇ ತಿಳಿದಿದ್ದಾಳೆ. ಆ ಎತ್ತರದ ಮೆಟ್ಟಿಲನ್ನು ಅವ್ವ ಹತ್ತುವುದೆಂತು?

ನನ್ನ ಚಪಲ ನಡಿಗೆಯದು. ನಡೆಯುವವನಿಗೇ ಮೀಸಲಾದ ಜಾಗಗಳಿವೆ. ಝರಣಿ ನರಸಿಂಹನ ದರ್ಶನಕ್ಕೆ ಗುಹೆಯೊಳಗೆ ಎದೆಮಟ್ಟದ ನೀರಿನಲ್ಲಿ ಸುಮಾರು 300 ಮೀಟರು ನಡೆದೇ ಹೋಗಬೇಕು. ಅಲ್ಲಿ ಸಾಹುಕಾರನಿಗೂ ಬೇರೆ ವಾಹನವಿಲ್ಲ. ಆದರೆ ನಾನು ನಡಿಗೆ ಎಂದರೆ ಅವ್ವ ವಸತಿಗೃಹದ ಕಿಟಕಿಯಲ್ಲಿ ಕೂರಬೇಕು. ಹೊಳೆ ನೋಡಬೇಕೆಂದವಳು ಆಕೆ, ನಾನಲ್ಲ.

ಕಡೆಗೆ ಗೆದ್ದದ್ದು ಆಟೋರಿಕ್ಷಾ. ನೆಲಕ್ಕೆ ಹತ್ತಿರ, ಎರಡೂ ಕಡೆ ಬಯಲು, ಅವಸರ ಕಡಿಮೆ. ಬೀದರ ಪಟ್ಟಣವಿರುವುದು ಸುಮಾರು 2,200 ಅಡಿ ಎತ್ತರದ ಜಂಬಿಟ್ಟಿಗೆಯ ದಿಬ್ಬದ ಮೇಲೆ. ಔರಾದದ ದಾರಿ ಹಿಡಿದು ಇಳಿದಂತೆ ಕೆಂಪು ಮಣ್ಣು ಮುಗಿದು ಎರೆಭೂಮಿ ತೊಡಗುತ್ತದೆ. ಕಾರಿನವರು ಇದನ್ನು ಒಂದು ಆಕಳಿಕೆಯಲ್ಲಿ ದಾಟಿಬಿಡುತ್ತಾರೆ. ಅವ್ವ ಮೂಗಿನಿಂದಲೇ ಹೇಳಿದಳು: "ಎರಿ ನೆಲ ಬಂತು ನೋಡು."

ತೊಗರಿ ಹೊಲದಂಚಿನಲ್ಲಿ ಚಿಗರಿಯ ಹಿಂಡು. ಆಟೋ ನಿಂತರೂ ಅವು ಓಡಲಿಲ್ಲ. ಹಿಂದಿನ ಬೇಟೆಗಾರರು ಎತ್ತಿನ ಗಾಡಿಯ ಮರೆಯಲ್ಲಿ ಚಿಗರಿಯ ಸಮೀಪಕ್ಕೆ ಹೋಗುತ್ತಿದ್ದರು; ಗಾಲಿಗೆ ಅಂಜದ ಪ್ರಾಣಿ ಎರಡು ಕಾಲಿನವನಿಗೆ ಅಂಜುತ್ತದೆ. ನಡಿಗೆಯ ಪಕ್ಷಪಾತಿಯಾದ ನಾನು ಇಳಿಯದೆ ಕುಳಿತೆ.

ಸೇತುವೆಯ ಬಳಿ ಅವ್ವ ಸೀಟಿನಿಂದಲೇ ಕಾಲು ಹೊರಗೆ ಚಾಚಿದಳು. ಮಾಂಜ್ರಾ ಮಣ್ಣು ಬಣ್ಣ ತುಂಬಿಕೊಂಡು ಹರಿಯುತ್ತಿತ್ತು. ಕಾಯುವ ಬಾಡಿಗೆ ಎಷ್ಟಾಗುವುದೋ ಎಂದು ನನ್ನಾಕೆ ನನ್ನನ್ನು ತಿವಿದಳು.

"ತಮ್ಮಾ, ಇನ್ನ ಜರಾ ನಿಂದರ್ಸು," ಎಂದಳು ಅವ್ವ.

ಆಟೋದವನು ಎಂಜಿನು ಆರಿಸಿದ.