ಕೈ ತಾಗಿದ ಕಡೆ ಹೊಳಪು

"ಯಾವ ಗಾಡಿಗೆ ಸಾರ್?"

ಜೆ.ಸಿ. ರಸ್ತೆಯ ಅಂಗಡಿಯವರು ಕೇಳಿದ್ದು ನ್ಯಾಯವಾದ ಪ್ರಶ್ನೆ. ಗಾಡಿ ಬಿಡಿಭಾಗಗಳ ಆ ಬೀದಿಗೆ ಬಂದು ಸಿಲ್ವರ್ ಸ್ಪ್ರೇ ಪೇಂಟ್ ಕೇಳುವವನ ಹತ್ತಿರ ಒಂದು ಸ್ಕೂಟರಾದರೂ ಇರಬೇಕಲ್ಲ. ನನ್ನ ಹತ್ತಿರ ಇದ್ದದ್ದು ಥರ್ಮಾಕೋಲಿನಲ್ಲಿ ಮಾಡಿದ, ಒಂದಡಿ ಉದ್ದದ ಪಾಳು ಫ್ಯಾಕ್ಟರಿ. "ಗಾಡಿಗಲ್ಲ, ಆಟದ ಸಾಮಾನಿಗೆ" ಅಂದೆ. "ಮಕ್ಕಳಿಗಾ?" ಅಂದರು. ಮೂವತ್ತೆರಡು ವರ್ಷದ ನಾನು "ಹೂಂ" ಅಂದು ದುಡ್ಡು ಕೊಟ್ಟು ಬಂದೆ.

ಆಟದ ಹೆಸರು ವಾರ್‌ಹ್ಯಾಮರ್ 40,000. 1987ರಲ್ಲಿ ಇಂಗ್ಲೆಂಡಿನಲ್ಲಿ ಶುರುವಾದದ್ದು. ಮೂರು ಸೆಂಟಿಮೀಟರ್ ಆಸುಪಾಸಿನ ಸೈನಿಕರು, ಅಳೆಯೋಕೆ ಟೇಪು, ಹಣೆಬರಹಕ್ಕೆ ದಾಳ. ಟೇಬಲ್ ಮೇಲೆ ಗೋಡೆ, ಕಟ್ಟಡ, ಪೈಪು ಏನೂ ಇಲ್ಲದಿದ್ದರೆ ದೂರ ಹೊಡೆಯುವ ಬಂದೂಕು ಇದ್ದವನು ಮೊದಲ ಸುತ್ತಿನಲ್ಲೇ ಎಲ್ಲರನ್ನೂ ಮುಗಿಸಿಬಿಡ್ತಾನೆ. ಅದಕ್ಕೇ ಅಡಗಿಕೊಳ್ಳೋಕೆ ಜಾಗ ಬೇಕು. ಅದನ್ನೇ ನಾವು ಟೆರೇನ್ ಅನ್ನೋದು. ತಿಂಗಳಿಗೊಂದು ಭಾನುವಾರ ನಾಲ್ಕು ಜನ ಸೇರ್ತೀವಿ. ಟೆರೇನ್ ಮಾಡೋ ಕೆಲಸ ನನ್ನದು.

ಒಂದು ತಿಂಗಳು ರಾತ್ರಿ ಕೂತು ಮಾಡಿದ ಫ್ಯಾಕ್ಟರಿ ಅದು. ಪೆನ್ನಿನ ಮುಚ್ಚಳ, ಸ್ಟ್ರಾ, ಬಾಟಲಿ ಬಿರಡೆ ಸೇರಿಸಿ ಒಳಗೆ ಎರಡು ಲೇತ್ ಮಷೀನನ್ನೂ ಕೂರಿಸಿದ್ದೆ. ಟೆರೇಸಿಗೆ ಒಯ್ದು ಡಬ್ಬಿ ಚೆನ್ನಾಗಿ ಅಲ್ಲಾಡಿಸಿ ಒತ್ತಿದೆ. ಹತ್ತು ಸೆಕೆಂಡು ಬೆಳ್ಳಿಯ ಅರಮನೆ. ಆಮೇಲೆ ಗೋಡೆ ಕುಗ್ಗತೊಡಗಿತು. ಬಿಸಿಲಿಗಿಟ್ಟ ಐಸ್‌ಕ್ರೀಮಿನ ಹಾಗೆ ಒಂದು ಮೂಲೆ ಪೂರ್ತಿ ಇಳಿದುಹೋಯ್ತು. ತಪ್ಪು ಡಬ್ಬಿಯದಲ್ಲ. ಬಣ್ಣ ಬೇಗ ಒಣಗಲಿ ಅಂತ ಹಾಕುವ ದ್ರಾವಕ ಪ್ಲಾಸ್ಟಿಕ್ ನೊರೆಯಂಥ ಥರ್ಮಾಕೋಲನ್ನು ಕರಗಿಸುತ್ತದೆ. ಇದು ಗೊತ್ತಿರೋರಿಗೆಲ್ಲ ಗೊತ್ತು. ನನಗೆ ಗೊತ್ತಿರಲಿಲ್ಲ ಅಷ್ಟೇ.

ಎರಡನೇ ಸಲ ಗೋಡೆಗಳನ್ನು ಹೊಸದಾಗಿ ಕತ್ತರಿಸಿದೆ. ಫೆವಿಕಾಲಿಗೆ ಕಪ್ಪು ಅಕ್ರಿಲಿಕ್ ಬಣ್ಣ ಕಲೆಸಿ, ಸಂದಿಗೊಂದಿ ಬಿಡದೆ ಎರಡು ಕೋಟ್ ಬಳಿದು, ರಾತ್ರಿಯಿಡೀ ಒಣಗಲು ಬಿಟ್ಟೆ. ಸೂಜಿಮೊನೆಯಷ್ಟು ಜಾಗ ಬಿಟ್ಟರೂ ಸ್ಪ್ರೇ ಅಲ್ಲಿಂದಲೇ ಒಳಗೆ ತಿನ್ನುತ್ತದೆ. ಈ ಕಪ್ಪು ಇನ್ನೊಂದು ಕೆಲಸಕ್ಕೂ ಬೇಕು. ಲೋಹದ ಬಣ್ಣ ಅಂದರೆ ಬಹುತೇಕ ಅಲ್ಯೂಮಿನಿಯಂನ ಸಣ್ಣ ಸಣ್ಣ ಚೂರುಗಳು. ಅಡಿಯಲ್ಲಿ ಕಪ್ಪಿದ್ದರೆ ಅವು ಕಬ್ಬಿಣದ ಹಾಗೆ ಕಾಣುತ್ತವೆ, ಬಿಳಿ ಇದ್ದರೆ ಚಾಕೊಲೇಟ್ ಸುತ್ತುವ ಹಾಳೆಯ ಹಾಗೆ.

ಆಮೇಲೆ ಯಾವ ಲೋಹ ಅನ್ನೋ ಪ್ರಶ್ನೆ. ಕ್ರೋಮ್ ಡಬ್ಬಿಯ ಮುಚ್ಚಳ ನೋಡಿ ಮರುಳಾಗಬೇಡಿ. ಮೇಲೆ ವಾರ್ನಿಷ್ ಹೊಡೆದ ಕೂಡಲೇ ಅದು ಬೂದು ಬಣ್ಣಕ್ಕೆ ತಿರುಗುತ್ತದೆ, ವಾರ್ನಿಷ್ ಇಲ್ಲದಿದ್ದರೆ ಬೆರಳಿಗೆ ಅಂಟಿಕೊಂಡು ಬರುತ್ತದೆ. ಗಾಡಿಗೆ ಹೊಡೆಯುವ ಮೆಟಾಲಿಕ್ ಬಣ್ಣಗಳಲ್ಲಿ ಚೂರುಗಳು ದಪ್ಪ. ಕಾರಿನ ಬಾಗಿಲಿಗೆ ಚೆಂದ, ಮೂರು ಸೆಂಟಿಮೀಟರ್ ಸೈನಿಕನ ಪಕ್ಕದಲ್ಲಿ ಮದುವೆ ಮನೆಯ ಮಿಂಚುಪುಡಿ. ಇದೇ ಆಟಕ್ಕೆಂದು ತಯಾರಾಗುವ ಲೆಡ್‌ಬೆಲ್ಚರ್‌ನಂಥ ಡಬ್ಬಿಗಳಲ್ಲಿ ಚೂರು ನುಣ್ಣಗಿರುತ್ತದೆ. ಆದರೆ ಬೆಂಕಿ ಹತ್ತುವ, ಒತ್ತಡದ ಡಬ್ಬಿಯಾದ್ದರಿಂದ ವಿಮಾನದಲ್ಲಿ ತರಿಸೋದು ರಗಳೆ, ಬೆಲೆಯೂ ಕೈ ಸುಡುತ್ತದೆ. ನಾನು ಕೊನೆಗೆ ಆರಿಸಿದ್ದು ಅಂಗಡಿಯ ಶೆಲ್ಫಿನಲ್ಲಿ ಅತ್ಯಂತ ಮಂಕಾಗಿ ಕೂತಿದ್ದ ಗನ್‌ಮೆಟಲ್. ಮಳೆ ಬಿಟ್ಟ ಒಂದು ಮಧ್ಯಾಹ್ನ ನೋಡಿ, ಒಂದು ಗೇಣಿಗಿಂತ ಸ್ವಲ್ಪ ದೂರದಿಂದ, ತೆಳ್ಳಗೆ ಮೂರು ಸಲ ಹೊಡೆದೆ. ಗಾಳಿಯಲ್ಲಿ ತೇವ ಇದ್ದರೆ ಬಣ್ಣ ಬೂಷ್ಟು ಹಿಡಿದ ಹಾಗೆ ಬೆಳ್ಳಗಾಗುತ್ತದೆ.

ಒಣಗಲು ಹಾಲಿನ ಟೀಪಾಯಿ ಮೇಲಿಟ್ಟಿದ್ದೆ. ಅಪ್ಪ ಪೇಪರ್ ಮಡಿಸಿಟ್ಟು ನೋಡಿದರು.

ಅಪ್ಪ ಪೀಣ್ಯದ ಒಂದು ಫ್ಯಾಕ್ಟರಿಯಲ್ಲಿ ಇಪ್ಪತ್ತಾರು ವರ್ಷ ಟರ್ನರ್ ಆಗಿದ್ದವರು. ಅದು ಮುಚ್ಚಿದಾಗ ನಾನು ಇಂಜಿನಿಯರಿಂಗ್ ಎರಡನೇ ವರ್ಷದಲ್ಲಿದ್ದೆ. ಆ ವಿಷಯ ಮನೆಯಲ್ಲಿ ಯಾರೂ ಎತ್ತಲ್ಲ. ಬಾಗಿಲು ಮುಚ್ಚಿದ ಫ್ಯಾಕ್ಟರಿಯೊಂದನ್ನು ಆಟದ ಸಾಮಾನು ಮಾಡಿ ಅವರ ಕಣ್ಣೆದುರಿಗೇ ಇಟ್ಟಿದ್ದೀನಿ ಅಂತ ನನಗೆ ಹೊಳೆದದ್ದು ಆಗಲೇ. ಎತ್ತಿಕೊಂಡು ಒಳಗೆ ಹೋಗಬೇಕು ಅನ್ನಿಸಿತು. ಅಷ್ಟರಲ್ಲಿ ಅವರು ಕನ್ನಡಕ ಹಾಕಿಕೊಂಡು ಬಗ್ಗಿದ್ದರು.

"ಇದು ಲೇತಾ?"

"ಹೂಂ ಅಪ್ಪ."

"ಎಲ್ಲಾ ಒಂದೇ ಥರ ಇದೆಯಲ್ಲೋ. ಮಷೀನು ಹಂಗಿರಲ್ಲ. ಬೆಡ್ ಮೇಲೆ ಯಾವಾಗ್ಲೂ ಎಣ್ಣೆ, ಕ್ಯಾರೇಜು ಓಡಾಡಿ ಓಡಾಡಿ ಅದು ಕನ್ನಡಿ ಥರ ಆಗಿರುತ್ತೆ. ಹ್ಯಾಂಡ್‌ವೀಲ್ ಹಿಡಿ ಹೊಳೀತಿರುತ್ತೆ. ಕೈ ತಾಗಿದ ಕಡೆ ಮಾತ್ರ ಹೊಳಪು ಕಣೋ. ಮಿಕ್ಕಿದ್ದೆಲ್ಲ ಕಪ್ಪು."

"ತುಕ್ಕು?"

"ಶೀಟಿಂದ ನೀರು ಸೋರೋ ಕಡೆ. ಬೋಲ್ಟಿನ ಕೆಳಗೆ." ಸ್ವಲ್ಪ ಹೊತ್ತು ಬಿಟ್ಟು ಹೇಳಿದರು: "ಮುಚ್ಚಿದ ಮೇಲೆ ಒಂದ್ಸಲ ಹೋಗಿದ್ದೆ, ಪಿ.ಎಫ್. ಕಾಗದಕ್ಕೆ. ಬೆಡ್ ಮೇಲೂ ಬಂದಿತ್ತು."

ಆಮೇಲೆ ಸುಡೊಕು ಬಿಡಿಸುವ ಪೆನ್ಸಿಲ್ ತಗೊಂಡು, ಒಂದು ಲೇತಿನ ಅಂಚನ್ನು ಮೆಲ್ಲಗೆ ಉಜ್ಜಿದರು. ಪೆನ್ಸಿಲಿನ ಕಡ್ಡಿ ಅಂದರೆ ಗ್ರಾಫೈಟು. ಮಂಕು ಬಣ್ಣದ ಮೇಲೆ ಅದು ಸವೆದ ಉಕ್ಕಿನ ಹಾಗೆ ಹೊಳೆಯುತ್ತದೆ, ಯಾವ ಡಬ್ಬಿಯಿಂದಲೂ ಬರದ ಹೊಳಪು. ಮ್ಯಾಟ್ ವಾರ್ನಿಷ್ ಮಾತ್ರ ಮೊದಲೇ ಹೊಡೆದಿರಬೇಕು, ನಂತರ ಹೊಡೆದರೆ ಎಲ್ಲಾ ಹೊಳಪೂ ಸತ್ತುಹೋಗುತ್ತದೆ. ಎರಡನೇ ಲೇತನ್ನು ಅವರು ಮುಟ್ಟಲಿಲ್ಲ. ನಾನು ಅದರ ಬೆಡ್ ಮೇಲೆ ಕಂದು ಬಣ್ಣದಲ್ಲಿ ತುಕ್ಕು ಬರೆದೆ.

ಭಾನುವಾರ ಗೆಳೆಯರು ಬಂದರು. ಬಂದ ಕೂಡಲೇ ಒಬ್ಬ ಕೇಳಿದ್ದು, "ಯಾವ ಪೇಂಟೋ ಇದು? ಎಲ್ಲಿಂದ ತರಿಸ್ದೆ?"

"ನಟರಾಜ್ ಪೆನ್ಸಿಲ್" ಅಂದೆ. ನಂಬಲಿಲ್ಲ.

ಅವತ್ತಿನ ಆಟದಲ್ಲಿ ಫ್ಯಾಕ್ಟರಿಯನ್ನು ಉಳಿಸಿಕೊಂಡವರಿಗೆ ಪಾಯಿಂಟು. ನಾನು ಮೂರನೇ ಸುತ್ತಿಗೇ ಅದನ್ನು ಕಳೆದುಕೊಂಡೆ. ರಾತ್ರಿ ಊಟಕ್ಕೆ ಕೂತಾಗ ಅಪ್ಪನಿಗೆ ಹೇಳಿದೆ. ಅವರು ಸಾರು ಕಲೆಸುತ್ತಾ, ತಲೆ ಎತ್ತದೆ ಕೇಳಿದರು:

"ಅದನ್ನೂ ಮುಚ್ಚಿಸಿದ್ಯಾ?"

ಎಷ್ಟೋ ವರ್ಷದ ಮೇಲೆ ಆ ವಿಷಯಕ್ಕೆ ನಮ್ಮ ಮನೆಯಲ್ಲಿ ಎಲ್ಲರೂ ನಕ್ಕೆವು.