ಬೀಗದ ಕೈ ಯಾರಲ್ಲಿ?

ಯಾವ ವಸ್ತುವನ್ನಾದರೂ ಕಾಪಾಡಬೇಕಾದರೆ ಎರಡು ಸಂಗತಿಗಳು ಅವಶ್ಯವಾಗಿರುವುವು: ಒಂದು ಬೀಗ, ಇನ್ನೊಂದು ಅದರ ಕೈಯನ್ನು ಎಲ್ಲಿಡಬೇಕೆಂಬ ವಿವೇಕ. ಬೀಗವನ್ನು ಅಂಗಡಿಯಲ್ಲಿ ಕೊಳ್ಳಬಹುದು. ವಿವೇಕವು ಅಲ್ಲಿ ದೊರೆಯುವುದಿಲ್ಲ. ಇಂದು ಮನೆಗಳ ಲೆಕ್ಕಪತ್ರಗಳು, ಮಕ್ಕಳ ಭಾವಚಿತ್ರಗಳು, ಸಂಸ್ಥೆಗಳ ದಾಖಲೆಗಳು ಎಲ್ಲವೂ ಕಂಪ್ಯೂಟರೆಂಬ ಪೆಟ್ಟಿಗೆಯೊಳಗೆ ಸೇರಿರುವುದರಿಂದ, ಆ ಪೆಟ್ಟಿಗೆಯ ಬೀಗದ ಕೈಯಾದ ಪಾಸ್‌ವರ್ಡಿನ ವಿಷಯವಾಗಿ ನಮ್ಮ ಶಾಲೆಯ ಹಳೆಯ ವಿದ್ಯಾರ್ಥಿನಿಯರಿಗೂ ತಾಯಿತಂದೆಗಳಿಗೂ ಕೆಲವು ಮಾತುಗಳನ್ನು ಬಿನ್ನವಿಸಬಯಸುತ್ತೇನೆ. ಈ ಯಂತ್ರಗಳನ್ನು ನೋಡಿಕೊಳ್ಳುವ ಉದ್ಯೋಗದಲ್ಲಿ 20 ವರ್ಷಗಳನ್ನು ಕಳೆದವಳಾದುದರಿಂದ, ಇದರಲ್ಲಿ ನಾನು ಕೇಳಿದುದಕ್ಕಿಂತಲೂ ಕಂಡುದೇ ಹೆಚ್ಚು.

ಪ್ರತಿಯೊಂದು ಕಂಪ್ಯೂಟರಿನಲ್ಲಿಯೂ ದಿನದ ಕೆಲಸ ಮಾಡುವವರ ಹೆಸರುಗಳಲ್ಲದೆ, ಯಜಮಾನಿಕೆಯುಳ್ಳ ಹೆಸರೊಂದು ಇರುವುದು. ವಿಂಡೋಸಿನಲ್ಲಿ ಅದನ್ನು ಅಡ್ಮಿನಿಸ್ಟ್ರೇಟರ್ ಎಂದೂ ಲಿನಕ್ಸಿನಲ್ಲಿ ರೂಟ್ ಎಂದೂ ಕರೆಯುವರು. ಆ ಹೆಸರಿನಿಂದ ಒಳಹೊಕ್ಕವರು ಯಾವುದನ್ನಾದರೂ ತೆರೆಯಬಹುದು, ಅಳಿಸಬಹುದು, ಇತರರನ್ನು ಹೊರಗಿಡಲೂಬಹುದು. ಇಂತಹ ಅಧಿಕಾರದ ಪಾಸ್‌ವರ್ಡನ್ನು ತಯಾರಕರು ತಾವೇ ಇಟ್ಟು, ಎಲ್ಲ ಯಂತ್ರಗಳಿಗೂ ಒಂದನ್ನೇ ಕೊಟ್ಟು ಮಾರುವ ವಾಡಿಕೆಯು ಬಹುಕಾಲ ನಡೆಯಿತು.

ಇದರ ಫಲವೇನೆಂಬುದನ್ನು ಅಮೆರಿಕದ ಬರ್ಕ್ಲಿಯಲ್ಲಿ ಕ್ಲಿಫರ್ಡ್ ಸ್ಟಾಲ್ ಎಂಬ ಖಗೋಳಶಾಸ್ತ್ರಜ್ಞರು ಕಂಡುಹಿಡಿದರು. 1986ರಲ್ಲಿ ಅವರ ಪ್ರಯೋಗಶಾಲೆಯ ಕಂಪ್ಯೂಟರ್ ಲೆಕ್ಕದಲ್ಲಿ 75 ಸೆಂಟುಗಳ ವ್ಯತ್ಯಾಸವು ಕಂಡುಬಂದಿತು. ಅದರ ಜಾಡನ್ನು ಹಿಡಿದು ಹೋಗಲು, ಜರ್ಮನಿಯಿಂದ ಒಬ್ಬನು ಆ ಯಂತ್ರದೊಳಗೆ ನುಸುಳಿ, ಅಲ್ಲಿಂದ ಸೈನ್ಯಕ್ಕೆ ಸೇರಿದ ಕಂಪ್ಯೂಟರುಗಳ ಬಾಗಿಲುಗಳನ್ನು ಒಂದೊಂದಾಗಿ ತಟ್ಟುತ್ತಿದ್ದುದು ಬಯಲಾಯಿತು. ವ್ಯಾಕ್ಸ್ ಎಂಬ ಯಂತ್ರಗಳಲ್ಲಿ 'ಸಿಸ್ಟಂ' ಎಂಬ ಹೆಸರಿಗೆ 'ಮ್ಯಾನೇಜರ್' ಎಂದೂ, 'ಫೀಲ್ಡ್' ಎಂಬ ಹೆಸರಿಗೆ 'ಸರ್ವಿಸ್' ಎಂದೂ ಕಾರ್ಖಾನೆಯ ಪಾಸ್‌ವರ್ಡುಗಳಿದ್ದುವು. ಅವುಗಳನ್ನು ಬದಲಿಸದೆ ಬಿಟ್ಟಿದ್ದ ಕಡೆಗಳಲ್ಲಿ ಅವನು ಬಾಗಿಲನ್ನು ಮುರಿಯಬೇಕಾಗಲೇ ಇಲ್ಲ, ತೆರೆದುಕೊಂಡು ಹೋದನು.

ಮನೆಯ ಯಂತ್ರಗಳೂ ಇದಕ್ಕೆ ಹೊರತಾಗಿರಲಿಲ್ಲ. 2001ರಲ್ಲಿ ಬಂದ ವಿಂಡೋಸ್ ಎಕ್ಸ್‌ಪಿಯ ಮನೆಬಳಕೆಯ ಆವೃತ್ತಿಯಲ್ಲಿ ಅಡ್ಮಿನಿಸ್ಟ್ರೇಟರ್ ಎಂಬ ಹೆಸರು ಸಾಮಾನ್ಯವಾಗಿ ಕಣ್ಣಿಗೆ ಬೀಳದಿದ್ದರೂ, ಯಂತ್ರವನ್ನು ಸೇಫ್ ಮೋಡಿನಲ್ಲಿ ಎಬ್ಬಿಸಿದೊಡನೆ ಪ್ರತ್ಯಕ್ಷವಾಗುತ್ತಿತ್ತು. ಅದಕ್ಕೆ ಪಾಸ್‌ವರ್ಡೇ ಇರುತ್ತಿರಲಿಲ್ಲ. 2007ರ ವಿಸ್ಟಾದಿಂದ ಮುಂದಕ್ಕೆ ಆ ಹೆಸರನ್ನು ಮೊದಲೇ ನಿಷ್ಕ್ರಿಯಗೊಳಿಸಿ ಕೊಡತೊಡಗಿದರು. ಶಾಲೆಗಳಲ್ಲಿ ಮಕ್ಕಳು ಬಳಸುವ ರಾಸ್ಪ್‌ಬೆರಿ ಪೈ ಎಂಬ ಪುಟ್ಟ ಕಂಪ್ಯೂಟರಿನಲ್ಲಿ 'ಪೈ' ಎಂಬ ಹೆಸರಿಗೆ 'ರಾಸ್ಪ್‌ಬೆರಿ' ಎಂಬುದೇ ಪಾಸ್‌ವರ್ಡಾಗಿದ್ದು, 2022ರಲ್ಲಿ ಅದನ್ನು ತೆಗೆದುಹಾಕಿದರು. 2024ರ ಏಪ್ರಿಲ್ 29ರಿಂದ ಬ್ರಿಟನ್ನಿನಲ್ಲಿ, ಅಂತರ್ಜಾಲಕ್ಕೆ ಸೇರುವ ಗೃಹೋಪಕರಣಗಳಿಗೆ ಇಂತಹ ಒಂದೇ ಪಾಸ್‌ವರ್ಡನ್ನಿಟ್ಟು ಮಾರುವುದು ಕಾನೂನಿಗೆ ವಿರುದ್ಧವಾಗಿದೆ.

ಎಲ್ಲರಿಗೂ ತಿಳಿದಿರುವ ಪಾಸ್‌ವರ್ಡು ಒಂದು ಆಪತ್ತಾದರೆ, ಒಬ್ಬರಿಗೇ ತಿಳಿದಿರುವುದು ಇನ್ನೊಂದು ಆಪತ್ತು. ಹಲವು ವರ್ಷಗಳ ಹಿಂದೆ ಬಡ ಹೆಣ್ಣುಮಕ್ಕಳ ವಿದ್ಯಾರ್ಥಿನಿಲಯವೊಂದರಿಂದ ನನಗೆ ಕರೆ ಬಂದಿತು. ಅಲ್ಲಿನ ಲೆಕ್ಕಿಗರು ಹೃದಯಾಘಾತದಿಂದ ಹಠಾತ್ತಾಗಿ ತೀರಿಕೊಂಡಿದ್ದರು. ವಿದ್ಯಾರ್ಥಿವೇತನದ ಪಟ್ಟಿಗಳೆಲ್ಲ ಅವರ ಕಂಪ್ಯೂಟರಿನಲ್ಲಿದ್ದುವು. ಅರ್ಜಿಗಳನ್ನು ಕಳುಹಿಸಲು ನಾಲ್ಕೇ ದಿನಗಳು ಉಳಿದಿದ್ದುವು. ಪಾಸ್‌ವರ್ಡು ಮಾತ್ರ ಅವರೊಂದಿಗೇ ಹೋಗಿತ್ತು.

ಮರೆತ ಪಾಸ್‌ವರ್ಡನ್ನು ಯಂತ್ರದಿಂದ ಓದಿ ಹೇಳುವುದು ಸಾಧ್ಯವೆಂದು ಅನೇಕರು ಭಾವಿಸಿರುವರು. ಹಾಗಿಲ್ಲ. ಆಪರೇಟಿಂಗ್ ಸಿಸ್ಟಂ ಪಾಸ್‌ವರ್ಡನ್ನು ಇದ್ದಂತೆ ಬರೆದಿಡದೆ, ಗಣಿತಕ್ರಮದಿಂದ ಮಾಡಿದ ಅದರ ಗುರುತನ್ನು ಮಾತ್ರ ಇಟ್ಟುಕೊಳ್ಳುವುದು. ಆ ಗುರುತನ್ನು ಹಿಂದಕ್ಕೆ ತಿರುಗಿಸಲಾಗದು. ತೆಗೆದು ಬೇರೊಂದನ್ನು ಇಡಬಹುದಷ್ಟೆ. ನಾನು ಮೊದಲು ಆಡಳಿತ ಮಂಡಲಿಯವರಿಂದ ಲಿಖಿತ ಅನುಮತಿಯನ್ನು ಪಡೆದೆನು. ಏಕೆಂದರೆ ಯಜಮಾನರ ಅಪ್ಪಣೆಯಿಲ್ಲದೆ ಮಾಡಿದರೆ ಇದೇ ಕೆಲಸಕ್ಕೆ ಬೇರೆ ಹೆಸರಿರುವುದು. ಬಳಿಕ ಹೊರಗಿನಿಂದ ತಂದ ಇನ್ನೊಂದು ಸಿಸ್ಟಮಿನಿಂದ ಯಂತ್ರವನ್ನು ಎಬ್ಬಿಸಿ, ಒಳಗಿನದು ಮಲಗಿರುವಾಗಲೇ ಹಳೆಯ ಗುರುತನ್ನು ಅಳಿಸಿ ಹೊಸ ಪಾಸ್‌ವರ್ಡನ್ನು ಇಟ್ಟೆನು. ಅರ್ಧ ಗಂಟೆಯೊಳಗೆ ಪಟ್ಟಿಗಳು ದೊರೆತುವು. ಅರ್ಜಿಗಳು ಸಕಾಲದಲ್ಲಿ ಹೋದುವು.

ಎಲ್ಲರೂ ಸಂತೋಷಪಡುತ್ತಿರುವಾಗ ನಿಲಯದ ಮೇಲ್ವಿಚಾರಕಿಯವರು ಮೆಲ್ಲನೆ, "ಅಮ್ಮಾ, ನೀವು ಅರ್ಧ ಗಂಟೆಯಲ್ಲಿ ಮಾಡಿದುದನ್ನು ಕಳ್ಳನೂ ಮಾಡಬಲ್ಲನಲ್ಲವೇ?" ಎಂದು ಕೇಳಿದರು. ಬಲ್ಲನೆಂದೇ ಹೇಳಬೇಕಾಯಿತು. ಬರಿಯ ಪಾಸ್‌ವರ್ಡು ಯಂತ್ರದ ಮುಂದೆ ಕುಳಿತವನನ್ನು ತಡೆಯುವುದೇ ಹೊರತು, ಯಂತ್ರವನ್ನೇ ಹೊತ್ತುಕೊಂಡು ಹೋದವನನ್ನು ತಡೆಯಲಾರದು. ಅವನನ್ನು ತಡೆಯಬೇಕಾದರೆ ಒಳಗಿರುವ ಬರಹವನ್ನೆಲ್ಲ ಗೂಢಲಿಪಿಗೆ ತಿರುಗಿಸಿಡಬೇಕು. ವಿಂಡೋಸಿನಲ್ಲಿ ಬಿಟ್‌ಲಾಕರ್ ಮಾಡುವುದು ಇದನ್ನೇ.

ಆದರೆ ಆ ಬಲವಾದ ಬೀಗದ ಇನ್ನೊಂದು ಮುಖವನ್ನೂ ನಾನು ಕಂಡೆನು. ನನ್ನ ಸಹಪಾಠಿಯೊಬ್ಬಳ ಪತಿಯು ತೀರಿಕೊಂಡ ಕೆಲವು ತಿಂಗಳ ಮೇಲೆ, ಅವರ ಲ್ಯಾಪ್‌ಟಾಪ್ ಕೆಟ್ಟು ಅದರ ಮದರ್‌ಬೋರ್ಡನ್ನು ಬದಲಾಯಿಸಬೇಕಾಯಿತು. ಹೊಸ ಭಾಗವನ್ನು ಗುರುತಿಸದ ಬಿಟ್‌ಲಾಕರ್ 48 ಅಂಕಿಗಳ ರಿಕವರಿ ಕೀಯನ್ನು ಕೇಳಿತು. ಅದು ಕಾಗದದಲ್ಲಿ ಎಲ್ಲಿಯೂ ಇರಲಿಲ್ಲ. ಅಂತರ್ಜಾಲದ ಖಾತೆಯಲ್ಲಿದ್ದರೆ ಆ ಖಾತೆಯ ಪಾಸ್‌ವರ್ಡನ್ನೂ ಬಲ್ಲವರಿರಲಿಲ್ಲ. ಮಗಳು ಹುಟ್ಟಿದಂದಿನಿಂದ ತಂದೆಯು ತೆಗೆದಿದ್ದ ಚಿತ್ರಗಳೆಲ್ಲ ಅದರಲ್ಲಿದ್ದುವು. ವಿದ್ಯಾರ್ಥಿನಿಲಯದಲ್ಲಿ ಅರ್ಧ ಗಂಟೆಯಲ್ಲಿ ಬಾಗಿಲನ್ನು ತೆರೆದ ನಾನು, ಇಲ್ಲಿ ಎರಡು ದಿನ ಕುಳಿತು, ಬರಿಗೈಯಲ್ಲಿ ಎದ್ದೆನು. ಅವಳು ನನ್ನನ್ನು ಏನೂ ಅನ್ನದೆ ಕಾಫಿಯನ್ನು ತಂದುಕೊಟ್ಟಳು. ಆ ಕಾಫಿಯನ್ನು ಕುಡಿಯುವುದು ಕಷ್ಟವಾಯಿತು.

ಪ್ರಿಯ ಸಹೋದರಿಯರೇ, ನಮ್ಮ ಅಜ್ಜಿಯರು ಮನೆಯ ಪೆಟ್ಟಿಗೆ, ಉಗ್ರಾಣಗಳ ಬೀಗದ ಕೈಗೊಂಚಲನ್ನು ಸೊಂಟದಲ್ಲಿ ಸಿಕ್ಕಿಸಿಕೊಂಡು ಓಡಾಡುತ್ತಿದ್ದರು. ಯಾವ ಕೈ ಯಾವುದಕ್ಕೆಂಬುದು ಅವರಿಗೆ ಕತ್ತಲೆಯಲ್ಲಿಯೂ ತಿಳಿಯುತ್ತಿತ್ತು. ಅವರಿಗಿಂತ ಹೆಚ್ಚು ಓದಿದ ನಮ್ಮಲ್ಲಿ ಅನೇಕರು, "ಅದೆಲ್ಲ ನಮ್ಮ ಯಜಮಾನರಿಗೆ ಗೊತ್ತು, ಮಗನಿಗೆ ಗೊತ್ತು" ಎಂದು ಹೇಳಿ ಸುಮ್ಮನಿರುವುದನ್ನು ನಾನು ಮನೆಮನೆಯಲ್ಲಿಯೂ ಕೇಳುತ್ತಿದ್ದೇನೆ.

ಮಾಡತಕ್ಕ ಕೆಲಸವು ಹೆಚ್ಚೇನೂ ಇಲ್ಲ. ಯಂತ್ರವು ಮನೆಗೆ ಬಂದ ದಿನವೇ, ಅದರೊಂದಿಗೆ ಬಂದ ಪಾಸ್‌ವರ್ಡನ್ನು ಬದಲಿಸಿರಿ. ದಿನದ ಕೆಲಸಕ್ಕೆ ಸಾಮಾನ್ಯ ಹೆಸರನ್ನು ಬಳಸಿ, ಅಡ್ಮಿನಿಸ್ಟ್ರೇಟರ್ ಹೆಸರನ್ನು ಅಗತ್ಯಕ್ಕೆಂದು ಪ್ರತ್ಯೇಕವಾಗಿಡಿರಿ. ಪಾಸ್‌ವರ್ಡನ್ನೂ ರಿಕವರಿ ಕೀಯನ್ನೂ ಕಾಗದದಲ್ಲಿ ಬರೆದು, ಲಕೋಟೆಯಲ್ಲಿಟ್ಟು ಅಂಟಿಸಿ, ಮನೆಯ ಪತ್ರಗಳೊಂದಿಗೆ ಭದ್ರಪಡಿಸಿರಿ. ಸಂಸ್ಥೆಗಳಲ್ಲಾದರೆ ಇಬ್ಬರು ಜವಾಬ್ದಾರರ ವಶದಲ್ಲಿರಲಿ. ಬದಲಿಸಿದಾಗಲೆಲ್ಲ ಲಕೋಟೆಯನ್ನೂ ಬದಲಿಸಿರಿ. ಹೆಣ್ಣುಮಕ್ಕಳಿರುವ ತಾಯಿತಂದೆಗಳು ಆ ಲಕೋಟೆಯು ಎಲ್ಲಿದೆಯೆಂಬುದನ್ನು ಗಂಡುಮಕ್ಕಳಿಗೆ ಹೇಳುವಂತೆಯೇ ಅವರಿಗೂ ಹೇಳಿರಿ.